ಕಲಾಯಿ ದಿನದ ಸರದಿ

ನಮ್ಮ ಯಜಮಾನರಿಗೆ ಒಂದು ಹುಚ್ಚು ಹಿಡಿದರೆ ಅದು ಬಿಡುವ ತನಕ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಮದುವೆಯಾದ ಹೊಸದರಲ್ಲಿ ಬ್ಯಾಡ್ಮಿಂಟನ್ ಹಿಡಿದಿತ್ತು, ಆಮೇಲೆ ಹೋಮಿಯೋಪತಿ. ಎರಡು ಸಾವಿರದ ಏಳರಲ್ಲಿ ಹಿಡಿದದ್ದು ವೆಬ್‌ಸೈಟು. ಹೋಮಿಯೋಪತಿಯ ಕಾಲದಲ್ಲಿ ಸಕ್ಕರೆ ಗುಳಿಗೆಯಾದರೂ ಸಿಗುತ್ತಿತ್ತು.

ಮಾರೇನಹಳ್ಳಿಯಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮಾವನವರು ಕಟ್ಟಿದ್ದು. ಈಗ ಅಂಗಡಿಯನ್ನು ಯಜಮಾನರು, ಅಂದರೆ ಪದ್ಮನಾಭ, ನೋಡಿಕೊಳ್ಳುತ್ತಾರೆ. ಅವರನ್ನು ಗಿರಿಜಾದೇವಿ ಎಂಬ ನಾನು ನೋಡಿಕೊಳ್ಳುತ್ತೇನೆ. ಪಾತ್ರೆಗಳೆಲ್ಲ ಇರುವುದು ಮೂಡಲಪಾಳ್ಯದ ಗೋಡೌನಿನಲ್ಲಿ. ಅಲ್ಲಿ ಮುನಿಯಣ್ಣನದೇ ರಾಜ್ಯ. ಮಾವನವರ ಕಾಲದಿಂದ ಇರುವ ಆಳು, ಯಜಮಾನರನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವನು. ಬಂದ ಪಾತ್ರೆ ತೊಳೆಯುವುದು ರಾಮಕ್ಕ. ಟೆಂಪೊ ಓಡಿಸುವುದು ಬಾಗಲಕೋಟೆ ಕಡೆಯ ಬಾಳೇಶ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಆಷಾಢದಲ್ಲಿ ಮದುವೆ ಮುಂಜಿ ಇರುವುದಿಲ್ಲವಲ್ಲ, ಆಗ ಒಂದು ದಿನ ಕಲಾಯಿ ಸಾಬರನ್ನು ಕರೆಸಿ ಹಿತ್ತಾಳೆ ಕೊಳಗಗಳಿಗೆಲ್ಲ ಒಳಗಡೆ ತವರದ ಲೇಪ ಹಾಕಿಸುತ್ತೇವೆ. ಅವರು ಗೋಡೌನಿನ ಅಂಗಳದಲ್ಲಿ ಇದ್ದಿಲು ಹೊತ್ತಿಸಿ ಕೂರುತ್ತಾರೆ, ನಾವೆಲ್ಲ ಸುತ್ತ ಜಮಖಾನ ಹಾಸಿಕೊಂಡು ಕೂರುತ್ತೇವೆ. ಆಗ ಒಬ್ಬೊಬ್ಬರೂ ಆ ಸೀಸನ್ನಿನಲ್ಲಿ ತಾವು ಮಾಡಿದ ಒಂದು ತಪ್ಪನ್ನು ಬಾಯಿ ಬಿಟ್ಟು ಹೇಳಬೇಕು. ಮೊದಲು ಯಜಮಾನರು, ಆಮೇಲೆ ಉಳಿದವರು. ಕೊನೆಯ ಕೊಳಗ ಆರುವ ತನಕ ಯಾರೂ ಯಾರನ್ನೂ ಬಯ್ಯುವಂತಿಲ್ಲ. ಹೊಸಬರಿಗೂ ಕೆಲಸ ಬಿಟ್ಟು ಹೋಗುವವರಿಗೂ ಸರದಿ ಇಲ್ಲ. ಅಂಗಡಿಯವರು ಅನ್ನಿಸಿಕೊಂಡವರಿಗೆ ಮಾತ್ರ. ಇದನ್ನು ಮಾಡಿದ್ದು ಮಾವನವರು. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ, ಕೋಪ ಮಾತ್ರ ವಿಪರೀತ. ವರ್ಷಕ್ಕೆ ಒಂದು ದಿನವಾದರೂ ಬಯ್ಯದೆ ಕೇಳಿಸಿಕೊಳ್ಳಬೇಕೆಂದು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು ಅದು.

ನಮ್ಮ ಅಂಗಡಿ ನಡೆಯುತ್ತಿದ್ದುದೇ ಆ ತಪ್ಪುಗಳ ಮೇಲೆ. ಪ್ರತಿ ಆರ್ಡರಿಗೂ ಒಂದು ಸೌಟು ಹೆಚ್ಚಿಗೆ ಹಾಕುತ್ತೇವೆ. ಯಾಕೆ? ಒಂದು ವರ್ಷ ಬಸವೇಶ್ವರನಗರದ ಮುಂಜಿಗೆ ರಾಮಕ್ಕ ಸೌಟು ಕಟ್ಟುವುದನ್ನೇ ಮರೆತು, ಪಾಪ ಅವರು ಹುಳಿಯನ್ನು ಲೋಟದಲ್ಲಿ ಬಡಿಸಿದ್ದರು. ಅಡುಗೆಯವರು ಸೌದೆ ಒಲೆಯವರೋ ಗ್ಯಾಸಿನವರೋ ಎಂದು ಕೇಳದೆ ಪಾತ್ರೆ ಕಳಿಸುವುದಿಲ್ಲ. ಯಾಕೆಂದರೆ ಕೆಂಗೇರಿಯಲ್ಲಿ ಒಮ್ಮೆ ಗುಂಡು ತಳದ ಕೊಳಗ ಗ್ಯಾಸ್ ಒಲೆಯ ಮೇಲೆ ನಿಲ್ಲದೆ ಪಾಯಸವೆಲ್ಲ ನೆಲದ ಪಾಲಾಗಿತ್ತು. ಅದು ಮುನಿಯಣ್ಣನ ಸರದಿಯಲ್ಲಿ ಬಂದದ್ದು. ಇಂಥವನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಎಲ್ಲರ ಬಾಯಲ್ಲಿದ್ದವು.

ಆ ವರ್ಷ ರಿಂಗ್ ರೋಡಿನಲ್ಲಿ ಗಾಜಿನ ಬಾಗಿಲಿನ ಈವೆಂಟ್ ಮ್ಯಾನೇಜ್‌ಮೆಂಟ್ ಕಂಪನಿಯೊಂದು ಶುರುವಾಯಿತು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಒತ್ತಿದರೆ ಶಾಮಿಯಾನದಿಂದ ಬಾಳೆ ಎಲೆಯವರೆಗೆ ಎಲ್ಲ ಬಂದು ಬೀಳುತ್ತದಂತೆ. ನಮ್ಮ ಹಳೆಯ ಗಿರಾಕಿಗಳ ಇಬ್ಬರು ಮಕ್ಕಳು ಅಲ್ಲಿಗೆ ಹೋದರು ಎಂದು ತಿಳಿದ ದಿನ ಯಜಮಾನರು ಊಟ ಬಿಟ್ಟರು.

"ಗಿರಿಜಾ, ನಾವೂ ಆನ್‌ಲೈನ್ ಹೋಗ್ಬೇಕು ಕಣೇ. ಇಲ್ದಿದ್ರೆ ಮುಳುಗಿ ಹೋಗ್ತೀವಿ."

"ಮೊದಲು ಊಟಕ್ಕೆ ಹೋಗೋಣ, ಬನ್ನಿ," ಎಂದೆ.

ಹಾಗೆ ನಮ್ಮ ಅಂಗಡಿಗೆ ಬಂದವಳು ಉಮಾಶ್ರೀ. ಹುನಗುಂದದ ಕಡೆಯ ಹುಡುಗಿ, ಬಿಸಿಎ ಓದಿದವಳು, ವಿಜಯನಗರದ ಪಿಜಿಯಲ್ಲಿ ಇದ್ದಳು. ದೊಡ್ಡ ಕಂಪನಿಗಳ ಸಂದರ್ಶನಗಳಲ್ಲಿ ಅವಳ ಇಂಗ್ಲಿಷ್ ಕೇಳಿ ನಕ್ಕು ಕಳಿಸಿದ್ದರಂತೆ. ನಮ್ಮಲ್ಲಿ ನಗಲು ಯಾರಿಗೂ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲ ದಿನ ನನ್ನ ಚಟ್ನಿ ತಿಂದು, "ಚಟ್ನಿ ಛಲೋ ಐತ್ರಿ ಆಂಟಿ, ಖಾರ ಹಾಕೂದು ಮರ್ತೀರಿ," ಎಂದಳು. ಮೂವತ್ತು ವರ್ಷದಲ್ಲಿ ನನ್ನ ಚಟ್ನಿಗೆ ಹೆಸರಿಡುವ ಧೈರ್ಯ ಯಾರೂ ಮಾಡಿರಲಿಲ್ಲ. ಅವತ್ತೇ ಅವಳು ನನಗೆ ಹಿಡಿಸಿದಳು. ಮರುದಿನದಿಂದ ಅವಳಿಗೆಂದು ಒಂದು ಚಮಚ ಮೆಣಸಿನಪುಡಿಯನ್ನು ಪೊಟ್ಟಣ ಕಟ್ಟಿ ಡಬ್ಬಿಯ ಜೊತೆ ಇಡತೊಡಗಿದೆ.

ಹುಡುಗಿ ಕೆಲಸದಲ್ಲಿ ಚುರುಕು. ಪ್ರತಿಯೊಂದು ಪಾತ್ರೆಯ ಫೋಟೊ ತೆಗೆದಳು, ಅಳತೆ ಹಾಕಿದಳು, ಯಾವುದು ಯಾವ ಮನೆಯಲ್ಲಿದೆ ಎಂದು ಕಂಪ್ಯೂಟರ್ ತೋರಿಸುವ ಹಾಗೆ ಮಾಡಿದಳು. ಜನ ವೆಬ್‌ಸೈಟಿನಲ್ಲಿ ತಮಗೆ ಬೇಕಾದ ಸಾಮಾನು ಆರಿಸಿ ಒತ್ತಿದರೆ ಒಂದು ಚೀಟಿ ಪ್ರಿಂಟಾಗುತ್ತಿತ್ತು. ಚೀಟಿ ನೋಡಿ ಬಾಳೇಶ ಟೆಂಪೊ ತುಂಬುತ್ತಿದ್ದ. ಯಜಮಾನರು ಆ ಪ್ರಿಂಟರಿನ ಪಕ್ಕದಲ್ಲಿ, ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡನ ಹಾಗೆ, ನಿಂತಿರುತ್ತಿದ್ದರು.

ಏನೇನೋ ಎಡವಟ್ಟೂ ಆಗುತ್ತಿತ್ತು ಅನ್ನಿ. ಜನರಿಗೆ ಎಷ್ಟು ಜನಕ್ಕೆ ಎಷ್ಟು ಕೊಳಗ ಬೇಕೆಂದು ಹೇಗೆ ಗೊತ್ತಾಗಬೇಕು? ಒಬ್ಬರು ಮುನ್ನೂರು ಕುರ್ಚಿ, ಒಂದು ಸೌಟು ಕೇಳಿದ್ದರು. ಮುನಿಯಣ್ಣ ಚೀಟಿ ಹಿಡಿದುಕೊಂಡು ಬಂದು ಏನೋ ಹೇಳಲು ಹೋದ. ಯಜಮಾನರಿಗೆ ರೇಗಿತು.

"ಮುನಿಯಣ್ಣ, ಇನ್ಮೇಲೆ ಕಂಪ್ಯೂಟರ್ ಏನು ಹೇಳುತ್ತೋ ಅದೇ ಫೈನಲ್. ನೀವ್ಯಾರೂ ಮಧ್ಯ ಬಾಯಿ ಹಾಕ್ಬೇಡಿ. ಗಿರಾಕಿಗೆ ಬೇಕಾದ್ದು ಗಿರಾಕಿ ಕೇಳ್ತಾನೆ."

"ಆಯ್ತು ಯಜಮಾನ್ರೇ," ಎಂದ ಮುನಿಯಣ್ಣ. ಅವನು ಅಷ್ಟು ಬೇಗ ಒಪ್ಪಿದ್ದು ಸರಿ ಅಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಆ ಆಷಾಢದಲ್ಲಿ ಕಲಾಯಿಯನ್ನೇನೋ ಹಾಕಿಸಿದರು, ಆದರೆ ಕೂರುವುದು ಬೇಡ ಎಂದುಬಿಟ್ಟರು. ಎಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲ, ಇನ್ನು ಒಬ್ಬೊಬ್ಬರೂ ಒಪ್ಪಿಸುವುದೇನು ಎಂಬುದು ಅವರ ವಾದ. ಸಾಬರು ತಮ್ಮ ಪಾಡಿಗೆ ತಾವು ತಿದಿ ಒತ್ತಿ ಹೋದರು.

ಮುಂದಿನ ವರ್ಷದ ಜ್ಯೇಷ್ಠ ಮಾಸದಲ್ಲಿ, ಸೀಸನ್ ಮುಗಿಯಲು ಬಂದಾಗ, ಆಗಬಾರದ್ದು ಆಯಿತು.

ಮಾರೇನಹಳ್ಳಿಯ ಒಂದು ಮನೆಯಲ್ಲಿ ಮಧ್ಯಾಹ್ನ ವೈಕುಂಠ ಸಮಾರಾಧನೆ. ಮೂರು ರಸ್ತೆ ಆಚೆ ಇನ್ನೊಂದು ಮನೆಯಲ್ಲಿ ಅದೇ ಸಂಜೆ ನಿಶ್ಚಿತಾರ್ಥ. ಎರಡೂ ನಮ್ಮದೇ ಆರ್ಡರ್. ಸಾವಿನ ಕಾರ್ಯಕ್ಕೆ ಹೋದ ಪಾತ್ರೆಯನ್ನು ನಾವು ನೇರವಾಗಿ ಶುಭಕಾರ್ಯಕ್ಕೆ ಕಳಿಸುವುದಿಲ್ಲ. ಗೋಡೌನಿಗೆ ತಂದು ಹುಣಸೆಹಣ್ಣು ಹಾಕಿ ತೊಳೆದು, ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚಿದ ಮೇಲೆಯೇ ಅದು ಹೊರಗೆ ಹೋಗುವುದು. ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಅದಕ್ಕೆ ಕಂಡದ್ದು, ಕೊಳಗ ಹತ್ತಿರದಲ್ಲೇ ಖಾಲಿಯಾಗುತ್ತಿದೆ, ಡೀಸೆಲ್ ಉಳಿಯುತ್ತದೆ. ಆ ಮನೆಯಲ್ಲಿ ಎತ್ತಿ ಈ ಮನೆಯಲ್ಲಿ ಇಳಿಸು ಎಂದು ಚೀಟಿ ಕೊಟ್ಟಿತು.

ಹಾಗೂ ಯಾರಿಗೂ ತಿಳಿಯದೆ ಹೋಗುತ್ತಿತ್ತೋ ಏನೋ. ಆದರೆ ನಮ್ಮ ಮಾರೇನಹಳ್ಳಿಯಲ್ಲಿ ವಿಮಲಮ್ಮ ಎಂಬ ಹಿರಿಯರಿದ್ದಾರೆ. ಆ ಸುತ್ತಿನಲ್ಲಿ ಯಾವ ಮನೆಯ ಎಲೆಯೂ ಅವರಿಲ್ಲದೆ ಏಳುವುದಿಲ್ಲ. ಮಧ್ಯಾಹ್ನ ಅಲ್ಲಿ ವಡೆ ತಿಂದು, ಸಂಜೆ ರೇಷ್ಮೆ ಸೀರೆ ಬದಲಾಯಿಸಿಕೊಂಡು ಇಲ್ಲಿಗೆ ಬಂದಿದ್ದರು. ಅಡುಗೆಯ ಕಡೆ ಇಣುಕಿದವರು ಹೊಟ್ಟೆಯ ಮೇಲೆ ತಗ್ಗು ಬಿದ್ದ ನಮ್ಮ ದೊಡ್ಡ ಕೊಳಗವನ್ನು ನೋಡಿ, ಗಂಡಿನ ಕಡೆಯವರೆಲ್ಲ ಕೂತಿದ್ದಾಗ, "ಅಯ್ಯೋ, ಇದು ಮಧ್ಯಾಹ್ನ ವೈಕುಂಠದಲ್ಲಿತ್ತಲ್ಲೇ!" ಎಂದರು. ವಿಮಲಮ್ಮನವರ ಗಂಟಲಿಗೆ ಮೈಕು ಬೇಡ.

ನಿಶ್ಚಿತಾರ್ಥದ ಹೆಣ್ಣಿನ ತಾಯಿ ಕುಸಿದು ಕೂತರು. ಮಾಡಿದ ಬಿಸಿಬೇಳೆಭಾತು ಹಾಗೇ ಉಳಿಯಿತು. ನಾನೂ ಯಜಮಾನರೂ ಮುನಿಯಣ್ಣನೂ ಓಡಿದೆವು, ಕೈ ಮುಗಿದೆವು, ಬಾಳೇಶ ಹೋಟೆಲಿನಿಂದ ಊಟ ತಂದ. ಗಂಡಿನ ತಾತ ದೊಡ್ಡ ಮನಸ್ಸಿನವರು. "ಹಸಿವಾಗ್ತಿದೆ, ಬಡಿಸಿ," ಎಂದು ಅವರೇ ಮೊದಲು ಎಲೆಗೆ ಕೂತರು. ನಿಶ್ಚಿತಾರ್ಥವೇನೋ ನಡೆಯಿತು. ನಮ್ಮ ಹೆಸರು ಮಾತ್ರ ಮಣ್ಣುಪಾಲಾಯಿತು. ವಿಜಯನಗರದ ಮಾರ್ಕೆಟ್ಟಿನಲ್ಲಿ ನಾನು ಬದನೆಕಾಯಿ ಆರಿಸುತ್ತಿದ್ದರೆ ಪಕ್ಕದವರು ಪಿಸಪಿಸ ಎನ್ನುತ್ತಿದ್ದರು.

ಯಜಮಾನರ ಹುಚ್ಚು ಒಂದೇ ದಿನಕ್ಕೆ ಇಳಿಯಿತು. ಹತ್ತಿದ್ದಕ್ಕಿಂತ ಜೋರಾಗಿ ಇಳಿಯಿತು. ಉಮಾಶ್ರೀಯನ್ನು ಕರೆದು, "ಕಂಪ್ಯೂಟರ್ ಸಹವಾಸ ಸಾಕಮ್ಮ. ನಮ್ಮಂಥೋರಿಗೆ ಆಗಿ ಬರಲ್ಲ. ತಿಂಗಳ ಕೊನೆವರೆಗೂ ಇದ್ದು ಬೇರೆ ಕಡೆ ನೋಡ್ಕೋ," ಎಂದರು. ಅವಳು ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿ, ಹಿಂದಿನ ಕೋಣೆಗೆ ಹೋಗಿ ಜಮಖಾನಗಳ ಮಧ್ಯೆ ಕೂತು ಅತ್ತಳು. ಮುನಿಯಣ್ಣ ಬಾಗಿಲಲ್ಲಿ ನಿಂತಿದ್ದವನು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಆ ಹುಡುಗಿ ಹೋಗುವುದು ನನಗೆ ಬೇಡವಾಗಿತ್ತು. ಅಂಗಡಿಯ ಚಿಂತೆ ಆಮೇಲಿನದು. ಅವಳಿಲ್ಲದೆ ಮಧ್ಯಾಹ್ನದ ಊಟ ನನಗೆ ಸೇರುವುದಿಲ್ಲ ಎಂಬುದು ಮೊದಲಿನದು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಈ ಆಷಾಢದಲ್ಲಿ ಕಲಾಯಿ ದಿನ ಎಲ್ಲರೂ ಕೂತೇ ಕೂರ್ಬೇಕು."

"ಯಾಕೇ? ಆಗಿದ್ದು ಆಯ್ತು, ಅವಳನ್ನ ಕಳಿಸ್ತಾ ಇದೀನಲ್ಲ."

"ಅವಳನ್ನ ಕಳಿಸಿದ್ರೆ ತಪ್ಪೂ ಅವಳ ಜೊತೆ ಹೊರಟು ಹೋಗುತ್ತಾ? ಮಾವನೋರು ಇದ್ದಿದ್ರೆ ಹೋದ ವರ್ಷ ತಪ್ಪಿಸಿದ್ದಕ್ಕೇ ನಿಮ್ಮ ಕಿವಿ ಹಿಂಡ್ತಿದ್ರು."

ಅವರು ಮಜ್ಜಿಗೆ ಕುಡಿಯುತ್ತಾ ಗೋಡೆ ನೋಡಿದರು. ನಮ್ಮ ಮನೆಯಲ್ಲಿ ಒಪ್ಪಿಗೆ ಕೊಡುವ ಕ್ರಮ ಅದೇ.

ಕಲಾಯಿಯ ದಿನ ಬೆಳಿಗ್ಗೆ ಉಪ್ಪಿಟ್ಟಿನ ಪಾತ್ರೆ ಹೊತ್ತುಕೊಂಡು ಗೋಡೌನಿಗೆ ಹೋದೆ. ಸಾಬರು ಆಗಲೇ ಇದ್ದಿಲು ಕೆಂಪು ಮಾಡಿದ್ದರು. ತವರ ಹಿಡಿಯಲು ಉಜ್ಜುವ ನವಸಾಗರದ ಪುಡಿಯ ಹೊಗೆ ಅಂಗಳ ತುಂಬಿತ್ತು. ಉಮಾಶ್ರೀಯೂ ಬಂದಿದ್ದಳು, ಆದರೆ ಚಪ್ಪಲಿ ಬಿಡದೆ ಗೇಟಿನ ಹತ್ತಿರ ಬ್ಯಾಗು ತಗುಲಿಸಿಕೊಂಡು ನಿಂತಿದ್ದಳು.

"ಒಳಗೆ ಬಾರೇ."

"ಇಲ್ರಿ ಆಂಟಿ. ಸರ್‌ಗೆ ಪಾಸ್‌ವರ್ಡ್ ಹೇಳಿ ಹೋಗೂಣು ಅಂತ ಬಂದೀನ್ರಿ. ಇವತ್ತ ಅಂಗಡಿಯವ್ರು ಅಷ್ಟ ಕೂಡ್ತಾರ ಅಂತ ಬಾಳೇಶಣ್ಣ ಹೇಳ್ಯಾನ."

ನಾನು ಬಾಳೇಶನ ಕಡೆ ನೋಡಿದ ನೋಟಕ್ಕೆ ಅವನು ಟೆಂಪೊದ ಹಿಂದೆ ಸರಿದ. ಅವಳನ್ನು ಕೈ ಹಿಡಿದು ಎಳೆದು ತಂದು ಜಮಖಾನದ ಅಂಚಿನಲ್ಲಿ ಕೂರಿಸಿದೆ. ಕೂತಳು, ಬ್ಯಾಗು ತೆಗೆಯಲಿಲ್ಲ.

ಯಜಮಾನರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಬ್ಯಾಡರಹಳ್ಳಿಯ ಗೃಹಪ್ರವೇಶದಲ್ಲಿ ಶಾಮಿಯಾನದ ಹಗ್ಗ ಎಣಿಸದೆ ಬಿಟ್ಟು ಬಂದರಂತೆ, ಎರಡು ಹಗ್ಗ ಹೋಯಿತಂತೆ. ಇಷ್ಟು ದೊಡ್ಡ ಅನಾಹುತದ ವರ್ಷದಲ್ಲಿ ಈ ಮನುಷ್ಯನಿಗೆ ಹಗ್ಗ ನೆನಪಾಯಿತು! ಬಯ್ಯುವಂತಿಲ್ಲವಲ್ಲ, ಹಲ್ಲು ಕಚ್ಚಿಕೊಂಡು ಕೂತೆ.

ಆಮೇಲೆ ಮುನಿಯಣ್ಣನ ಸರದಿ. ತಲೆಯ ಟವೆಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಆ ವೈಕುಂಠದ ಚೀಟಿ ನನ್ನ ಕೈಗೆ ಬಂದಾಗ್ಲೇ ನಂಗೆ ಗೊತ್ತಾಯ್ತು ಯಜಮಾನ್ರೇ."

ತಿದಿ ಒತ್ತುತ್ತಿದ್ದ ಸಾಬರ ಕೈ ನಿಂತಿತು.

"ಗೊತ್ತಾಗಿ?" ಎಂದರು ಯಜಮಾನರು.

"ಸುಮ್ನಾದೆ. ಬಾಯಿ ಹಾಕ್ಬೇಡಿ ಅಂದಿದ್ರಲ್ಲ ನೀವು, ಅದು ಇಲ್ಲಿ ಕೂತಿತ್ತು." ಎದೆ ಮುಟ್ಟಿಕೊಂಡ. "ಒಂದು ಸಲ ಆ ಕಂಪ್ಯೂಟರ್ ಡಬ್ಬದ ಮರ್ವಾದೆ ಹೋಗ್ಲಿ, ಆಗ ನಮ್ ನೆನಪಾಗುತ್ತೆ ಅಂತ. ಡಬ್ಬಕ್ಕೆ ಏನಾಯ್ತು? ಈ ಮಗು ಅತ್ತಿದ್ದು ನೋಡಿದ್ ಮೇಲೆ ನಂಗೆ ಅನ್ನ ಇಳೀತಿಲ್ಲ ಯಜಮಾನ್ರೇ. ಆ ನಿಶ್ಚಿತಾರ್ಥದ ಮನೆ ಹೆಣ್ಣುಮಗು ಮುಖಾನೂ ಕಣ್ಣಿಂದ ಹೋಗ್ತಿಲ್ಲ."

ಯಜಮಾನರ ಮುಖ ಕೆಂಡದ ಬಣ್ಣಕ್ಕೆ ತಿರುಗಿತು. ಬಾಯಿ ತೆರೆದರು. ನಾನು ಇನ್ನೂ ಕಲಾಯಿ ಹಾಕದೆ ಉಳಿದಿದ್ದ ಕೊಳಗಗಳ ಕಡೆ ಬೆರಳು ತೋರಿಸಿದೆ. ಬಾಯಿ ಮುಚ್ಚಿದರು.

ರಾಮಕ್ಕ ಸೆರಗಿನ ತುದಿ ತಿರುಚುತ್ತಾ ಹೇಳಿದಳು. "ನಂಗೂ ಗೊತ್ತಿತ್ತು. ಸಂಜೆ ಪಾತ್ರೆ ತೊಳ್ಯಕ್ಕೆ ಬರ್ಲಿಲ್ಲ. ಎಲ್ಲೋದ್ವು ಅಂತ ಕೇಳ್ಬೇಕಿತ್ತು. ಕೆಲ್ಸ ಕಮ್ಮಿ ಆಯ್ತಲ್ಲ ಅಂತ ಸೀರಿಯಲ್ ನೋಡಕ್ಕೆ ಹೋದೆ."

"ನಾ ಅಂತೂ ಹೊತ್ತು ಹಾಕಿದಾಂವ," ಎಂದ ಬಾಳೇಶ. "ಎತ್ತುವಾಗ ಮನಸ್ಸಿಗಿ ಒಂಥರಾ ಆತ್ರಿ. ಚೀಟಿ ಹೇಳ್ತಲ್ಲ ಅಂತ ಗಾಡಿ ಚಾಲೂ ಮಾಡೀನಿ."

ಅಂದರೆ ಎಲ್ಲರಿಗೂ ಗೊತ್ತಿತ್ತು! ಇಡೀ ಅಂಗಡಿಗೆ ಗೊತ್ತಿದ್ದದ್ದು ಆ ಚೀಟಿಯ ತನಕ ಹೋಗಲೇ ಇಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ, ಎಲ್ಲರೂ ನೆಲ ನೋಡುತ್ತಿದ್ದರು. ನಾನು ಮಾತ್ರ ನಮ್ಮ ಯಜಮಾನರನ್ನು ನೋಡುತ್ತಿದ್ದೆ. ಅವರು ಮುನಿಯಣ್ಣನ ಕಡೆ ತಿರುಗಿದರು.

"ನಾನು ಹೇಳಿದ ಹಗ್ಗದ್ದು ಬಿಟ್ಟುಬಿಡಿ. ನಂದು ಬೇರೆ ಇದೆ. ನಿಮ್ಮೆಲ್ಲರ ಬಾಯಿ ಮುಚ್ಚಿಸಿದ್ದು ನಾನು. ಕಂಪ್ಯೂಟರ್ ತಂದಿದ್ದಲ್ಲ ತಪ್ಪು. ಅದು ಬಂತು ಅಂತ ಇಲ್ಲಿ ಕೂರೋದನ್ನ ನಿಲ್ಲಿಸಿದ್ದು. ಈ ಹುಡುಗಿ ನಮ್ಮಲ್ಲಿ ಇಷ್ಟು ದಿನ ಇದ್ರೂ ನಾವು ಹೇಗೆ ಕೆಲಸ ಮಾಡ್ತೀವಿ ಅನ್ನೋದನ್ನ ಯಾರ ಬಾಯಿಂದಾನೂ ಕೇಳೋ ಹಾಗೆ ನಾನು ಮಾಡ್ಲಿಲ್ಲ."

ಮೂವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಮೇಲೆ ನನಗೆ ಇಷ್ಟು ಪ್ರೀತಿ ಉಕ್ಕಿದ ದಿನಗಳು ಕಡಿಮೆ. ಹೇಳಿದರೆ ತಲೆ ಮೇಲೆ ಕೂರುತ್ತಾರೆಂದು ಹೇಳಲಿಲ್ಲ, ಉಪ್ಪಿಟ್ಟು ಜಾಸ್ತಿ ಬಡಿಸಿದೆ.

ಮುನಿಯಣ್ಣ ಜಮಖಾನದ ಅಂಚಿಗೆ ತಿರುಗಿದ.

"ನಿಂದು ಹೇಳಮ್ಮಣ್ಣಿ."

ಉಮಾಶ್ರೀ ತಲೆ ಎತ್ತಿದಳು. "ನಂದಾ? ನನಗ ಸರದಿ ಇಲ್ಲಲ್ರಿ, ನಾ ಹೋಗಾಕಿ." ಯಜಮಾನರ ಮುಖ ನೋಡಿದಳು. ಅವರು ಪಕ್ಕಕ್ಕೆ ಸರಿದು, ತಮ್ಮ ಮತ್ತು ಮುನಿಯಣ್ಣನ ನಡುವೆ ಜಾಗ ಮಾಡಿದರು. ಅವಳು ಎದ್ದು ಬಂದು ಅಲ್ಲಿ ಕೂತಳು. ಬ್ಯಾಗು ತೆಗೆದು ಹಿಂದೆ ಇಟ್ಟಳು.

"ನಾ ಎಲ್ಲಾ ಪಾತ್ರಿ ಹೆಸರು ಕಲ್ತೀನ್ರಿ. ಕೊಳಗ, ದಬರಿ, ಬಾಣಲಿ, ಎಲ್ಲಾ. ಆದ್ರ ಅವು ಎಂಥಾ ಮನಿಗೆ ಹೊಕ್ಕಾವ, ಯಾಕ ಹೊಕ್ಕಾವ ಅಂತ ಒಂದು ದಿನಾನೂ ಕೇಳಲಿಲ್ಲ. ನಮ್ಮೂರಾಗೂ ಹಿಂಗ ಐತ್ರಿ. ಸತ್ತೋರ ದಿನ ಮಾಡಿದ ಮನಿ ಪಾತ್ರಿ ನಮ್ಮವ್ವ ಹೊಸ್ತಲ ದಾಟಗೊಡಂಗಿಲ್ಲ. ಮನ್ಯಾಗ ಗೊತ್ತಿದ್ದದ್ದು ಕಂಪ್ಯೂಟರ್ ಮುಂದ ಕುಂತಾಗ ನೆನಪ ಆಗ್ಲಿಲ್ರಿ. ಇಂಥಾದ್ದೆಲ್ಲಾ ಅದಕ್ಕ ಸೇರಿಸೋದಲ್ಲ ಅನ್ಕೊಂಡಿದ್ದೆ."

"ಸೇರಿಸಕ್ಕೆ ಬರುತ್ತಾ?" ಎಂದ ಮುನಿಯಣ್ಣ. ಅವನು ಆ ಡಬ್ಬದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಬರ್ತೈತ್ರಿ. ಸಾಮಾನು ಯಾವುದು ಬೇಕು ಅಂತ ಕೇಳೂಕಿಂತ ಮೊದ್ಲು ಏನ್ ಕಾರ್ಯ ಅಂತ ಕೇಳಬೇಕು. ವೈಕುಂಠ ಅಂದ್ರ ಆ ಪಾತ್ರಿ ಗೋಡೌನಿಗೆ ಬಂದು, ರಾಮಕ್ಕ ಆತು ಅಂದ ಮ್ಯಾಲೆ ಖಾಲಿ ಅಂತ ತೋರಸಬೇಕು."

"ಬಾಡೂಟನಾ ಅಂತಲೂ ಕೇಳು," ಎಂದಳು ರಾಮಕ್ಕ.

"ಒಲೆ ಸೌದೆದಾ, ಗ್ಯಾಸಾ?" ಎಂದು ಮುನಿಯಣ್ಣ ಕೆಂಗೇರಿಯ ಪಾಯಸದ ಕಥೆ ತೆಗೆದ.

"ಗಲ್ಲಿಯೊಳಗ ಟೆಂಪೊ ಹೋಕ್ಕೈತೋ ಇಲ್ಲೋ, ಅದನ್ನ ಮೊದ್ಲು ಕೇಳವ್ವಾ."

ಒಬ್ಬರ ಮೇಲೊಬ್ಬರು ಕೂಗತೊಡಗಿದರು. ಉಮಾಶ್ರೀ ಬೆರಳು ಮಡಿಸಿಕೊಳ್ಳುತ್ತಾ ಹೋದಳು, ಬೆರಳು ಸಾಲದೆ ಬಾಳೇಶನ ಬೆರಳನ್ನೂ ಮಡಿಸಿದಳು. ಜನ ಎಷ್ಟು, ಕಾರ್ಯ ಏನು, ಅಡುಗೆಯವರು ಯಾರು ಎಂದು ಹೇಳಿದರೆ ಸಾಕು, ಎಷ್ಟು ಕೊಳಗ ಎಷ್ಟು ಸೌಟು ಎಂಬುದನ್ನು ನಾವೇ ಹೇಳುತ್ತೇವೆ ಎಂದು ವೆಬ್‌ಸೈಟಿನಲ್ಲಿ ಹಾಕೋಣ ಎಂದಳು. ಯಜಮಾನರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

"ಆ ರಿಂಗ್ ರೋಡಿನೋರು ಇದನ್ನೆಲ್ಲ ಕೇಳಲ್ಲ ಅಲ್ವೇನಮ್ಮ?"

"ಅವ್ರು ಯಾಕ ಕೇಳ್ತಾರ್ರಿ ಸರ್? ಅವ್ರ ಪಾಯಸ ಇನ್ನೂ ಚೆಲ್ಲಿಲ್ಲ."

ಮುನಿಯಣ್ಣ ನಕ್ಕ. ಸಾಬರು ನಕ್ಕರು. ನಗುವಿನ ಮಧ್ಯೆ ಅವಳಿಗೆ ಏನೋ ನೆನಪಾಗಿ, ಹಿಂದೆ ಇಟ್ಟಿದ್ದ ಬ್ಯಾಗಿನ ಕಡೆ ಕೈ ಹೋಯಿತು. ಮುಖ ಸಣ್ಣದಾಯಿತು.

"ಸರ್, ಪಾಸ್‌ವರ್ಡ್ ಹೇಳ್ಲೇನ್ರಿ?"

ಎಲ್ಲರೂ ಯಜಮಾನರನ್ನು ನೋಡಿದರು. ಅವರಿಗೆ ಇಂಥ ಮಾತು ನೇರವಾಗಿ ಆಡಲು ಯಾವತ್ತೂ ಬಂದಿಲ್ಲ. ನನ್ನನ್ನು ನೋಡಲು ಬಂದಾಗಲೂ ಒಪ್ಪಿಗೆ ಎನ್ನದೆ, ಇಲ್ಲಿಂದ ವಿಜಯನಗರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ನಮ್ಮಪ್ಪನನ್ನು ಕೇಳಿದವರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು.

"ನಂಗ್ಯಾಕಮ್ಮ ಪಾಸ್‌ವರ್ಡು? ನಿನ್ನ ಹತ್ರಾನೇ ಇರ್ಲಿ. ಈ ತಪ್ಪು ಇವತ್ತಿಗೆ ಮುಗೀತು. ಮುಂದಿನ ಕಲಾಯಿಗೆ ಬರೋವಾಗ ಹಳೇದೇ ತರ್ಬೇಡ, ಹೊಸಾದು ತರ್ಬೇಕು."

ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯ ನೆಪ ಹೇಳಬಹುದಿತ್ತು, ಹೇಳಲಿಲ್ಲ. ಉಮಾಶ್ರೀ ದುಪಟ್ಟಾದಿಂದ ಮೂಗು ಒರೆಸಿಕೊಂಡಳು.

"ತರ್ತೀನ್ರಿ ಸರ್," ಎಂದಳು.